ಕೋಟ್ಪಾ ಅಂದರೆ ಏನು, ಅದು ಯಾರಿಗಾಗಿ?

ಹೋಟೆಲಿನ ಗೋಡೆ, ಬಸ್ ನಿಲ್ದಾಣದ ಕಂಬ, ಶಾಲೆಯ ಗೇಟು, ಎಲ್ಲಾದರೂ ಒಂದು ಕಡೆ 'ಧೂಮಪಾನ ನಿಷೇಧಿಸಲಾಗಿದೆ' ಅನ್ನೋ ಬೋರ್ಡು ನೋಡೇ ಇರುತ್ತೀರಿ. ಎಷ್ಟೋ ಬೋರ್ಡುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಕೋಟ್ಪಾ ಅಂತ ಬರೆದಿರುತ್ತದೆ. ಪೇಪರಿನಲ್ಲೂ ಆಗಾಗ 'ಕೋಟ್ಪಾ ದಾಳಿ', 'ಕೋಟ್ಪಾ ಕೇಸು' ಅಂತ ಸುದ್ದಿ ಬರುತ್ತದೆ. ಇದು 2003ರಲ್ಲಿ ಸಂಸತ್ತು ಮಾಡಿದ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಕೋಟ್ಪಾ ಅನ್ನುತ್ತಾರೆ. ತಂಬಾಕನ್ನು ಯಾರಿಗೆ ಮಾರಬಹುದು, ಎಲ್ಲಿ ಮಾರಬಾರದು, ಎಲ್ಲಿ ಸೇದಬಾರದು, ಪ್ಯಾಕಿನ ಮೇಲೆ ಏನಿರಬೇಕು, ಜಾಹೀರಾತು ಹಾಕಬಹುದಾ ಇಲ್ಲವಾ, ಇದನ್ನೆಲ್ಲ ಹೇಳುವುದು ಈ ಕಾಯ್ದೆ.

ಜಾಸ್ತಿ ಜನಕ್ಕೆ ಗೊತ್ತಿರುವುದು ಇದರ ಒಂದು ಮುಖ ಮಾತ್ರ. ರಸ್ತೆ ಬದಿಯಲ್ಲಿ ಸೇದುತ್ತಾ ನಿಂತವರನ್ನು ಹಿಡಿದು ದಂಡ ಹಾಕುವುದು. ಹಾಗಾಗಿ ಇದು ಸೇದುವವರಿಗೆ ಸುಮ್ನೆ ಕಿರಿಕಿರಿ ಮಾಡೋ ಕಾನೂನು ಅನ್ನುವ ಮಾತು ಟೀ ಅಂಗಡಿಗಳಲ್ಲಿ ಕೇಳಿಬರುತ್ತದೆ. ಕಾಯ್ದೆ ತೆಗೆದು ಓದಿದರೆ ಬೇರೆಯೇ ಕಾಣುತ್ತದೆ. ಸೇದುವವರ ಬಗ್ಗೆ ಇರುವುದು ಮುಖ್ಯವಾಗಿ 4ನೇ ಸೆಕ್ಷನ್. ನಂತರದ 5 (ಜಾಹೀರಾತು), 6 (ಮಕ್ಕಳಿಗೆ ಮತ್ತು ಶಾಲೆಗಳ ಹತ್ತಿರ ಮಾರಾಟ), 7 (ಪ್ಯಾಕಿನ ಮೇಲಿನ ಎಚ್ಚರಿಕೆ) ಮೂರೂ ಇರುವುದು ತಯಾರಿಸುವವರ ಮತ್ತು ಮಾರುವವರ ಮೇಲೆ. ನನ್ನ ಪ್ರಕಾರ ಕಾಯ್ದೆಯ ಜೀವ ಇರುವುದು ಅಲ್ಲೇ, ಯಾಕಂದರೆ ಆ ಮೂರೂ ಕಾಪಾಡಲು ನೋಡುವುದು ಇನ್ನೂ ಶುರು ಮಾಡದ ಹುಡುಗ ಹುಡುಗಿಯರನ್ನು.

ಅದು ಯಾಕೆ ಅಷ್ಟು ಮುಖ್ಯ? ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಆದರೆ ಕ್ಯಾನ್ಸರ್ ನಾಳೆ ನಾಡಿದ್ದು ಬರುವುದಿಲ್ಲ. ಹದಿನೇಳಕ್ಕೆ ಶುರು ಮಾಡಿದ ಚಟ ಎಷ್ಟೋ ಸಲ ನಲವತ್ತೈದು, ಐವತ್ತರ ಹೊತ್ತಿಗೆ ಲೆಕ್ಕ ಕೇಳುತ್ತದೆ, ಮನೆಯ ಸಾಲ ಇನ್ನೂ ತೀರಿರುವುದಿಲ್ಲ, ಮಕ್ಕಳು ಇನ್ನೂ ಓದುತ್ತಿರುತ್ತಾರೆ, ಅಂಥ ಹೊತ್ತಲ್ಲಿ. ಬಿಟ್ಟರೆ ಲಾಭ ಖಂಡಿತ ಇದೆ. ಬಿಟ್ಟು ಹತ್ತು ವರ್ಷ ಆದಮೇಲೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ನಿಕೋಟಿನ್ ಅಷ್ಟು ಸುಲಭಕ್ಕೆ ಬಿಡಬೇಕಲ್ಲ. ಅದಕ್ಕೇ ಶುರುವಾಗುವ ಜಾಗದಲ್ಲೇ ತಡೆಯಬೇಕು ಅಂತ ಕಾಯ್ದೆ ಹೊರಟಿರುವುದು.

ಜಾಹೀರಾತಿನ ವಿಷಯ ನೋಡಿ. 1996ರ ವಿಶ್ವಕಪ್ ಕ್ರಿಕೆಟ್ ನೆನಪಿದೆಯಾ? ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಪಾಕಿಸ್ತಾನದ ಎದುರು ಕ್ವಾರ್ಟರ್ ಫೈನಲ್, ವೆಂಕಟೇಶ್ ಪ್ರಸಾದ್ ಅವರು ಆಮೀರ್ ಸೊಹೈಲ್ ಅವರ ಸ್ಟಂಪ್ ಎಗರಿಸಿದ್ದು. ನಮ್ಮಲ್ಲಿ ಆ ಪಂದ್ಯ ಮರೆತವರು ಯಾರೂ ಇಲ್ಲ. ಆ ಟೂರ್ನಿಯ ಅಧಿಕೃತ ಹೆಸರು ವಿಲ್ಸ್ ವರ್ಲ್ಡ್ ಕಪ್. ವಿಲ್ಸ್ ಒಂದು ಸಿಗರೇಟ್ ಬ್ರ್ಯಾಂಡ್. ಎಂಟು ಹತ್ತು ವರ್ಷದ ಮಕ್ಕಳು ಟಿವಿ ಮುಂದೆ ಕೂತು ಕುಣಿದಾಡುತ್ತಿದ್ದ ಆಟಕ್ಕೆ ಸಿಗರೇಟಿನ ಹೆಸರು ಇಟ್ಟಿದ್ದರು, ಮತ್ತು ಅದು ಆಗ ಯಾರಿಗೂ ವಿಚಿತ್ರ ಅನಿಸಲಿಲ್ಲ. 5ನೇ ಸೆಕ್ಷನ್ ನಿಲ್ಲಿಸಿದ್ದು ಇದನ್ನು. ತಂಬಾಕಿನ ಜಾಹೀರಾತೂ ಇಲ್ಲ, ಪ್ರಾಯೋಜಕತ್ವವೂ ಇಲ್ಲ. ಈಗಲೂ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾರೆ, ಅದು ಬೇರೆ ಮಾತು. ಗುಟ್ಕಾ, ಜರ್ದಾದ ಹೆಸರನ್ನೇ, ಬಣ್ಣವನ್ನೇ ಇಟ್ಟುಕೊಂಡು ಏಲಕ್ಕಿ, ಪಾನ್ ಮಸಾಲಾ ಅಂತ ದೊಡ್ಡ ದೊಡ್ಡ ಸಿನಿಮಾ ನಟರ ಕೈಯಲ್ಲಿ ಜಾಹೀರಾತು ಮಾಡಿಸುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಯಾವುದರ ಪ್ರಚಾರ ಅಂತ ಮಕ್ಕಳಿಗೂ ಗೊತ್ತು.

ಈ ಕಾಯ್ದೆ ಏಕ್ದಂ ಆಕಾಶದಿಂದ ಬಿದ್ದಿದ್ದಲ್ಲ. 1975ರ ಹಳೆಯ ಕಾಯ್ದೆಯೊಂದಿತ್ತು. ಸಿಗರೇಟು ಸೇದುವುದು ಆರೋಗ್ಯಕ್ಕೆ ಹಾನಿಕರ ಅಂತ ಪ್ಯಾಕಿನ ಮೇಲೆ ಒಂದು ಸಾಲು ಹಾಕಿಸಿದ್ದು ಅದು. ಬೀಡಿ, ಜರ್ದಾ ಅದರಲ್ಲಿ ಬರುತ್ತಿರಲಿಲ್ಲ. 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಕಾನೂನುಬಾಹಿರ ಅಂದಿತು. 2001ರಲ್ಲಿ ಮುಂಬೈನ ಕಾಂಗ್ರೆಸ್ ನಾಯಕ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಅದನ್ನೇ ಇಡೀ ದೇಶಕ್ಕೆ ಹೇಳಿತು. ಸೇದದವರೂ ಇನ್ನೊಬ್ಬರ ಹೊಗೆ ಕುಡಿಯಬೇಕಾಗುವುದು ಅವರ ಬದುಕುವ ಹಕ್ಕಿಗೆ ಧಕ್ಕೆ ಅನ್ನುವುದು ಅದರ ತಿರುಳು. 2003ರಲ್ಲಿ ಕಾಯ್ದೆ ಬಂತು. ಸಾರ್ವಜನಿಕ ಸ್ಥಳಗಳ ಬಗ್ಗೆ ಈಗ ನಾವು ನೋಡುವ ಬಿಗಿ ನಿಯಮಗಳು ಜಾರಿಯಾದದ್ದು 2008ರ ಅಕ್ಟೋಬರ್ 2ರಂದು.

ಆ ನಿಯಮಗಳ ಪ್ರಕಾರ ಜವಾಬ್ದಾರಿ ಸೇದುವವರ ಮೇಲಷ್ಟೇ ಇಲ್ಲ, ಆ ಜಾಗದ ಮಾಲೀಕರು, ಮ್ಯಾನೇಜರ್ ಮೇಲೂ ಇದೆ. ಬಾಗಿಲ ಹತ್ತಿರ ಬೋರ್ಡು ಹಾಕಬೇಕು. ಒಳಗೆ ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡಬಾರದು.

ಇನ್ನು ಪ್ಯಾಕಿನ ಮೇಲಿನ ಚಿತ್ರ. ಇದರಲ್ಲಿ ನಮ್ಮ ರಾಜ್ಯದ ಕಥೆಯೂ ಸೇರಿಕೊಂಡಿದೆ. 2009ರಲ್ಲಿ ಚಿತ್ರದ ಎಚ್ಚರಿಕೆ ಶುರುವಾದಾಗ ಅದು ಪ್ಯಾಕಿನ ಮುಂಭಾಗದ ಶೇ 40ರಷ್ಟು ಇತ್ತು. 2016ರ ಏಪ್ರಿಲ್ 1ರಿಂದ ಎರಡೂ ಬದಿಯಲ್ಲಿ ಶೇ 85 ಇರಬೇಕು ಅಂದರು. ಕಂಪನಿಗಳು ಬೇರೆ ಬೇರೆ ಹೈಕೋರ್ಟ್‌ಗಳಿಗೆ ಹೋದವು. ಸುಪ್ರೀಂ ಕೋರ್ಟ್ ಆ ಕೇಸುಗಳನ್ನೆಲ್ಲ ಕರ್ನಾಟಕ ಹೈಕೋರ್ಟಿಗೆ ಕಳಿಸಿತು. 2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಶೇ 85ರ ನಿಯಮವನ್ನು ರದ್ದು ಮಾಡಿತು. ಮುಂದಿನ ತಿಂಗಳೇ, 2018ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಹಾಗಾಗಿ ಚಿತ್ರ ಉಳಿಯಿತು. ಒಂದು ಚಿತ್ರದ ಅಳತೆಗೆ ಇಷ್ಟು ದುಡ್ಡು ಸುರಿದು ವರ್ಷಗಟ್ಟಲೆ ಕೋರ್ಟು ಹತ್ತಿದ್ದಾರೆ ಅಂದರೆ ಆ ಚಿತ್ರ ಕೆಲಸ ಮಾಡುತ್ತದೆ ಅಂತಲೇ ಅಲ್ವಾ? ಓದು ಬರದವರಿಗೂ ಅದು ಅರ್ಥವಾಗುತ್ತದೆ. 2018ರಿಂದ ಪ್ಯಾಕಿನ ಮೇಲೆ ಚಟ ಬಿಡಲು ಸಹಾಯ ಮಾಡುವ ಉಚಿತ ನಂಬರನ್ನೂ ಹಾಕುತ್ತಿದ್ದಾರೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಒಂದು ಕೇಂದ್ರ ಇದೆ.

ಆದರೆ ಇಷ್ಟೆಲ್ಲ ಮಾಡಿದ್ದು ಎಲ್ಲಿ ಸೋರಿಹೋಗುತ್ತದೆ ಗೊತ್ತಾ? ಬಿಡಿ ಸಿಗರೇಟಿನಲ್ಲಿ. ಯಾವುದಾದರೂ ಪಿಯು ಕಾಲೇಜಿನ ಹತ್ತಿರದ ಪೆಟ್ಟಿಗೆ ಅಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. ಹೆಗಲಿಗೆ ಬ್ಯಾಗು ಹಾಕಿದ ಮೂರು ಹುಡುಗರು ಬರುತ್ತಾರೆ. "ಅಣ್ಣಾ, ಒಂದು ಸಿಗರೇಟ್, ಎರಡು ಟೀ." ಅಂಗಡಿಯವರು ಒಡೆದಿಟ್ಟ ಪ್ಯಾಕಿನಿಂದ ಒಂದನ್ನು ಎಳೆದು ಕೊಡುತ್ತಾರೆ. ಹುಡುಗ ದಾರಕ್ಕೆ ಕಟ್ಟಿ ನೇತು ಹಾಕಿದ ಲೈಟರ್ ಎಳೆದುಕೊಂಡು ಹಚ್ಚುತ್ತಾನೆ. ಮೂವರೂ ಅದನ್ನೇ ಹಂಚಿಕೊಂಡು ಸೇದುತ್ತಾರೆ. ಕೊನೆಗೆ ಮನೆಯಲ್ಲಿ ವಾಸನೆ ಗೊತ್ತಾಗದಿರಲಿ ಅಂತ ಆಳಿಗೊಂದು ಪೆಪ್ಪರ್‌ಮಿಂಟು. ಇಷ್ಟರಲ್ಲಿ ಪ್ಯಾಕು ಅಂಗಡಿಯವರ ಕೈ ದಾಟಲೇ ಇಲ್ಲ. ಚಿತ್ರವೂ ಕಾಣಲಿಲ್ಲ, ನಂಬರೂ ಕಾಣಲಿಲ್ಲ. ಸರ್ಕಾರ ತೆರಿಗೆ ಏರಿಸಿ ಪ್ಯಾಕಿನ ಬೆಲೆ ಕೈಗೆಟುಕದ ಹಾಗೆ ಮಾಡಿದರೂ ಆ ಹುಡುಗರ ಜೇಬಿನಿಂದ ಹೋಗಿದ್ದು ಚಿಲ್ಲರೆ ಕಾಸು. ತಂಬಾಕು ಕಡಿಮೆ ಮಾಡಲು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ತೆರಿಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಾ ಬಂದಿದೆ. ಬಿಡಿ ಮಾರಾಟ ಇರುವ ಕಡೆ ಆ ಏಟೂ ಅರ್ಧ ಹಗುರ ಆಗಿಬಿಡುತ್ತದೆ.

ಕರ್ನಾಟಕ 2017ರಲ್ಲೇ ಬಿಡಿ ಮಾರಾಟ ಬೇಡ ಅಂತ ಆದೇಶ ಹೊರಡಿಸಿತ್ತು. ಆಮೇಲೆ ಕೋಟ್ಪಾಗೇ ರಾಜ್ಯದ ತಿದ್ದುಪಡಿ ತಂದರು. 2024ರಲ್ಲಿ ಶಾಸನಸಭೆ ಒಪ್ಪಿತು, 2025ರ ಮೇನಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. ಈಗ ನಮ್ಮ ರಾಜ್ಯದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಮೊದಲು ಅದು 18 ಇತ್ತು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಬಿಡಿಯಾಗಿ ಮಾರುವುದು ಕಾಯ್ದೆಯಲ್ಲೇ ಅಪರಾಧ. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50,000ದಿಂದ ಒಂದು ಲಕ್ಷದವರೆಗೆ ದಂಡ. ಕಾಗದದ ಮೇಲೆ ತುಂಬಾ ಒಳ್ಳೆಯ ತಿದ್ದುಪಡಿ. ಅದರಲ್ಲೂ 21ರ ಮಿತಿ ನನಗೆ ಬಹಳ ಸರಿ ಅನಿಸಿದೆ, ಯಾಕಂದರೆ ಆ ವಯಸ್ಸು ದಾಟಿದ ಮೇಲೆ ಹೊಸದಾಗಿ ಶುರು ಮಾಡುವವರು ಕಡಿಮೆ. ಆದರೆ ಮೇಲೆ ಹೇಳಿದ ಪೆಟ್ಟಿಗೆ ಅಂಗಡಿ ಈಗಲೂ ಹಾಗೇ ನಡೆಯುತ್ತಿದೆ. ದಂಡ ಏರಿಸುವುದು ಸುಲಭ, ಹೋಗಿ ನೋಡುವವರು ಬೇಕು.

ಇನ್ನೊಂದು ಮಾತು. ತಂಬಾಕು ಅಂದ ಕೂಡಲೇ ಸಿಗರೇಟು ಅಂದುಕೊಳ್ಳುತ್ತೇವೆ. 2016–17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8. ಜಗಿಯುವ, ಬಾಯಲ್ಲಿ ಇಟ್ಟುಕೊಳ್ಳುವ ತಂಬಾಕು ಬಳಸುವವರು ಶೇ 16.3, ಹತ್ತಿರ ಹತ್ತಿರ ಎರಡರಷ್ಟು! ಬಾಯಿ ಕ್ಯಾನ್ಸರಿಗೆ ನೇರ ದಾರಿ ಇದು. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು, ಅದು ಆಹಾರ ಸುರಕ್ಷತೆ ಕಾನೂನಿನ ಅಡಿ. ತಕ್ಷಣ ಕಂಪನಿಗಳು ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿ ಜೋಡಿಯಾಗಿ ಮಾರತೊಡಗಿದವು. ಅಂಗೈ ಮೇಲೆ ಎರಡನ್ನೂ ಸುರಿದು ಬೆರೆಸಿದರೆ ಗುಟ್ಕಾ ತಯಾರು.

ಹುಣಸೂರು, ಪಿರಿಯಾಪಟ್ಟಣ ಕಡೆಯ ತಂಬಾಕು ಬೆಳೆಗಾರರು, ದಕ್ಷಿಣ ಕನ್ನಡದಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಂಗಸರು, ಇವರ ಗತಿ ಏನು ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಭಾರತ ಒಪ್ಪಿ ಸಹಿ ಹಾಕಿರುವ ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದದಲ್ಲೂ ಇಂಥವರಿಗೆ ಬೇರೆ ದುಡಿಮೆ ದಾರಿ ಮಾಡಿಕೊಡಬೇಕು ಅಂತ ಇದೆ. ಕೋಟ್ಪಾದಲ್ಲಿ ಅದರ ಮಾತೇ ಇಲ್ಲ, ಅದು ಈ ಕಾಯ್ದೆಯ ದೊಡ್ಡ ಕೊರತೆ.

ನಿಮ್ಮ ಮಕ್ಕಳ ಶಾಲೆಯ ಹತ್ತಿರ ಇಂಥ ಅಂಗಡಿ ಇದ್ದರೆ ಕಾಂಪೌಂಡಿನ ಹೊರಗೋಡೆಯಿಂದ ದೂರ ಅಳೆಯಿರಿ. ಕೇಂದ್ರದ ಕಾಯ್ದೆಯಲ್ಲಿ 100 ಗಜ ಇತ್ತು, ರಾಜ್ಯದ ತಿದ್ದುಪಡಿಯಲ್ಲಿ 100 ಮೀಟರ್ ಆಗಿದೆ. ಅಷ್ಟರೊಳಗೆ ಇದ್ದರೆ ಶಾಲೆಯ ಮುಖ್ಯೋಪಾಧ್ಯಾಯರಿಗೂ ಪೊಲೀಸ್ ಠಾಣೆಗೂ ಬರಹದಲ್ಲಿ ದೂರು ಕೊಡಿ. ಶಾಲೆಯ ಆವರಣದೊಳಗೆ ಯಾರಾದರೂ ಸೇದಿದರೆ ದಂಡ ಹಾಕುವ ಅಧಿಕಾರ ಮುಖ್ಯೋಪಾಧ್ಯಾಯರಿಗೇ ಇದೆ. ಇದು ಎಷ್ಟೋ ಮೇಷ್ಟ್ರುಗಳಿಗೇ ಗೊತ್ತಿಲ್ಲ, ಪೋಷಕರ ಸಭೆಗೆ ಹೋದಾಗ ಹೇಳಿ.