ಎಲ್‌ಇಡಿ ಬಣ್ಣ ಮತ್ತು ಸೊಪ್ಪಿನ ಬೆಳವಣಿಗೆ: ನನ್ನ ಟಿಪ್ಪಣಿ

ಒಳಾಂಗಣ ಕೃಷಿಯ ಫೋಟೋಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಆ ನೇರಳೆ ಬೆಳಕು, ಅಲ್ವಾ? ಅದಕ್ಕೆ ಕೊಡುವ ಕಾರಣ ನಿಮಗೂ ಗೊತ್ತಿರುತ್ತದೆ. ಎಲೆಯ ಕ್ಲೋರೋಫಿಲ್ ಕೆಂಪು, ನೀಲಿ ಬೆಳಕನ್ನು ಹೀರುತ್ತದೆ, ಹಸಿರನ್ನು ಬಿಡುತ್ತದೆ, ಹಾಗಾಗಿ ಎರಡೇ ಬಣ್ಣ ಸಾಕು ಅಂತ. ನಾನೂ ಹಾಗೇ ಕಲಿತಿದ್ದೆ. ಆದರೆ ಬೆಳಕು ಗಿಡಕ್ಕೆ ಊಟ ಕೊಡುವ ಜೊತೆಗೆ ಸುದ್ದಿಯನ್ನೂ ತರುತ್ತದೆ. ಸುತ್ತ ಏನಿದೆ, ನೆರಳಿದೆಯಾ, ಬಯಲಿದೆಯಾ ಅನ್ನುವುದನ್ನು ಗಿಡ ಬಣ್ಣದಿಂದಲೇ ತಿಳಿದುಕೊಳ್ಳುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದ ಮೇಲೆ ನನಗೆ ವಿಷಯ ತಿಳಿಯಾಯಿತು.

ಮೊದಲು ಊಟದ ಲೆಕ್ಕ. ದ್ಯುತಿಸಂಶ್ಲೇಷಣೆಯಲ್ಲಿ ಎಣಿಕೆಗೆ ಬರುವುದು ಫೋಟಾನ್‌ಗಳ, ಅಂದರೆ ಬೆಳಕಿನ ಕಣಗಳ, ಸಂಖ್ಯೆ. ನೀಲಿ ಫೋಟಾನ್‌ನಲ್ಲಿ ಶಕ್ತಿ ಜಾಸ್ತಿ, ಆದರೆ ಆ ಹೆಚ್ಚಿನ ಶಕ್ತಿ ಎಲೆಯೊಳಗೆ ಬಿಸಿಯಾಗಿ ಹೋಗಿಬಿಡುತ್ತದೆ. ಒಂದು ಜೂಲ್ ಶಕ್ತಿಯಿಂದ 660 ನ್ಯಾನೋಮೀಟರ್ ತರಂಗಾಂತರದ ಕೆಂಪಿನಲ್ಲಿ ಹೆಚ್ಚೆಂದರೆ ಸುಮಾರು 5.5 ಮೈಕ್ರೋಮೋಲ್ (ಕಣಗಳನ್ನು ಎಣಿಸುವ ಅಳತೆ) ಫೋಟಾನ್ ಸಿಗುತ್ತದೆ. 450ರ ನೀಲಿಯಲ್ಲಿ ಸಿಗುವುದು 3.8ರಷ್ಟೇ. ಕರೆಂಟ್ ಬಿಲ್ ನೋಡುವವರು ಕೆಂಪನ್ನೇ ಹೆಚ್ಚು ಹಾಕುವುದು ಇದಕ್ಕೆ.

ಹಾಗಾದರೆ ಬರೀ ಕೆಂಪು ಕೊಟ್ಟರೆ? ನಾನು ಲೆಟ್ಯೂಸ್ (ಸಲಾಡ್ ಸೊಪ್ಪು) ಸಸಿಗಳ ಎರಡು ಟ್ರೇ ಇಟ್ಟು ನೋಡಿದೆ. ಬರೀ ಕೆಂಪಿನಡಿ ಇದ್ದ ಸಸಿಗಳ ಕಾಂಡ ಸಣ್ಣಗೆ ಉದ್ದವಾಗಿ, ತಲೆಯ ಭಾರಕ್ಕೇ ವಾಲಿತ್ತು. ಎಲೆ ತೆಳ್ಳಗೆ, ಬಣ್ಣ ಪೇಲವ. ನೀಲಿಯೂ ಸೇರಿದ ಟ್ರೇನಲ್ಲಿ ಸಸಿಗಳು ಗಿಡ್ಡಗೆ, ಗಟ್ಟಿಯಾಗಿ ಕೂತಿದ್ದವು. ಬೆರಳಲ್ಲಿ ಎಲೆ ಹಿಡಿದರೆ ದಪ್ಪ ಗೊತ್ತಾಗುತ್ತಿತ್ತು.

ಇದು ಸುದ್ದಿಯ ಕೆಲಸ. ಕ್ರಿಪ್ಟೋಕ್ರೋಮ್, ಫೋಟೋಟ್ರೋಪಿನ್ ಎಂಬ ಪ್ರೋಟೀನ್‌ಗಳು ನೀಲಿ ಬೆಳಕನ್ನು ಗುರುತಿಸುತ್ತವೆ. ಆಗ ಕಾಂಡದ ಓಟ ನಿಲ್ಲುತ್ತದೆ, ಎಲೆ ದಪ್ಪಗಾಗುತ್ತದೆ, ಪತ್ರರಂಧ್ರಗಳು ತೆರೆದುಕೊಳ್ಳುತ್ತವೆ. ಕೆಂಪು ತಳಿಗಳಲ್ಲಿ ಆಂಥೋಸಯಾನಿನ್ ಎಂಬ ಕೆಂಪು ವರ್ಣದ್ರವ್ಯ ತುಂಬಿ ಎಲೆಗೆ ಬಣ್ಣ ಬರುವುದಕ್ಕೂ ನೀಲಿಯೇ ದೊಡ್ಡ ಕಾರಣ.

ಇಲ್ಲೇ ಅನೇಕರು ಎಡವುತ್ತಾರೆ. ನೀಲಿ ಒಳ್ಳೆಯದು ಅಂತ ಸುಮ್ನೆ ಸುರಿಯಬಾರದು. ನೀಲಿ ಹೆಚ್ಚಾದಂತೆ ಎಲೆ ಚಿಕ್ಕದಾಗುತ್ತದೆ. ಚಿಕ್ಕ ಎಲೆ ಹಿಡಿಯುವ ಬೆಳಕು ಕಡಿಮೆ. ಬೆಳಕು ಕಡಿಮೆಯಾದರೆ ಮುಂದಿನ ಎಲೆಗೆ ಸಿಗುವ ಊಟವೂ ಕಡಿಮೆ. ಸಸಿ ಹಂತದ ಸಣ್ಣ ವ್ಯತ್ಯಾಸ ಬಡ್ಡಿಯ ಹಾಗೆ ಬೆಳೆದು, ಕೊಯ್ಲಿನ ಹೊತ್ತಿಗೆ ತೂಕದಲ್ಲಿ ಎದ್ದು ಕಾಣುತ್ತದೆ. ಸೊಪ್ಪಿಗೆ ಸಾಮಾನ್ಯವಾಗಿ ಒಟ್ಟು ಬೆಳಕಿನಲ್ಲಿ ಶೇ. 10ರಿಂದ 20ರಷ್ಟು ನೀಲಿ ಇಡುತ್ತಾರೆ.

ಇನ್ನು ಹಸಿರು. ಪಾಪ, ಇದಕ್ಕೆ ಅನ್ಯಾಯವಾಗಿದೆ. ಎಲೆ ಹಸಿರಾಗಿ ಕಾಣುತ್ತದೆ ಎಂದರೆ ಹಸಿರನ್ನೆಲ್ಲ ಹೊರಗೆ ಎಸೆಯುತ್ತದೆ ಎಂದಲ್ಲ, ಬಹುಪಾಲನ್ನು ಹೀರಿಕೊಳ್ಳುತ್ತದೆ. 1972ರಲ್ಲಿ ಮೆಕ್‌ಕ್ರೀ ಎಂಬ ವಿಜ್ಞಾನಿ 22 ಬೆಳೆಗಳ ಎಲೆಗಳನ್ನು ಅಳೆದು ಪ್ರಕಟಿಸಿದಾಗ, ಹಸಿರಿನಲ್ಲೂ ದ್ಯುತಿಸಂಶ್ಲೇಷಣೆ ಚೆನ್ನಾಗಿಯೇ ನಡೆಯುವುದು ಕಂಡಿತ್ತು. ಕೆಂಪು, ನೀಲಿ ಎಲೆಯ ಮೇಲ್ಪದರದಲ್ಲೇ ಮುಗಿದುಹೋದರೆ ಹಸಿರು ಒಳಪದರಕ್ಕೂ ಕೆಳಗಿನ ಎಲೆಗೂ ಇಳಿಯುತ್ತದೆ. ಇನ್ನೊಂದು ಲಾಭ ನಮ್ಮ ಕಣ್ಣಿಗೆ. ನೇರಳೆ ಬೆಳಕಲ್ಲಿ ಎಲೆಗಳು ಕಪ್ಪಗೆ ಕಾಣುತ್ತವೆ, ಹಳದಿ ಚುಕ್ಕೆ ಬಂದರೂ ತಿಳಿಯುವುದಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಸೊಪ್ಪು ಬೆಳೆಯುವ ವೆಜ್ಜಿ ಘಟಕದಲ್ಲೂ ಕೆಂಪು, ನೀಲಿಯ ಜೊತೆ ಹಸಿರು ಎಲ್‌ಇಡಿ ಇದೆ. 2015ರ ಆಗಸ್ಟ್‌ನಲ್ಲಿ ಗಗನಯಾತ್ರಿಗಳು ತಿಂದ ಕೆಂಪು ಲೆಟ್ಯೂಸ್ ಅಲ್ಲೇ ಬೆಳೆದದ್ದು.

ಫಾರ್ ರೆಡ್, ಅಂದರೆ 730 ನ್ಯಾನೋಮೀಟರ್ ಸುತ್ತಿನ ಬೆಳಕು, ನಮಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಗಿಡಕ್ಕೆ ಅದು ಜಾಸ್ತಿ ಸಿಕ್ಕರೆ ‘ಮೇಲೆ ಯಾವುದೋ ಎಲೆ ಅಡ್ಡ ಇದೆ’ ಎಂಬ ಸುದ್ದಿ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಜೊತೆಗಾರರು ಲೆಟ್ಯೂಸ್ ಬೀಜಕ್ಕೆ ಕೆಂಪು, ಫಾರ್ ರೆಡ್ ಬೆಳಕನ್ನು ಒಂದಾದ ಮೇಲೆ ಒಂದು ಕೊಟ್ಟರು. ಕೊನೆಗೆ ಬಿದ್ದದ್ದು ಕೆಂಪಾದರೆ ಮೊಳಕೆ ಬಂತು, ಫಾರ್ ರೆಡ್ ಆದರೆ ಹೆಚ್ಚಿನ ಬೀಜಗಳು ಸುಮ್ಮನಾದವು! ಇದರ ಹಿಂದಿರುವ ಸ್ವಿಚ್ಚೇ ಫೈಟೋಕ್ರೋಮ್ ಎಂಬ ಪ್ರೋಟೀನ್. ಬೆಳೆಯುವ ಲೆಟ್ಯೂಸ್‌ಗೆ ಫಾರ್ ರೆಡ್ ಸ್ವಲ್ಪ ಸೇರಿಸಿದರೆ ಎಲೆ ಅಗಲವಾಗಿ ಹರಡುತ್ತದೆ. ಅತಿಯಾದರೆ ಕಾಂಡ ಉದ್ದವಾಗಿ ಎಲೆಯ ಕೆಂಪು ಮಾಸುತ್ತದೆ.

ಪ್ರಮಾಣ ಕಡಿಮೆಯಿದ್ದರೆ ಯಾವ ಬಣ್ಣವೂ ಕೈಹಿಡಿಯುವುದಿಲ್ಲ. ಲೆಟ್ಯೂಸ್‌ಗೆ ದಿನಕ್ಕೆ ಚದರ ಮೀಟರಿಗೆ 12ರಿಂದ 17 ಮೋಲ್ (ಒಂದು ಮೋಲ್ ಎಂದರೆ ಹತ್ತು ಲಕ್ಷ ಮೈಕ್ರೋಮೋಲ್) ಬೆಳಕು ಬೇಕಾಗುತ್ತದೆ. ಸೆಕೆಂಡಿಗೆ 250 ಮೈಕ್ರೋಮೋಲ್‌ನಂತೆ 16 ಗಂಟೆ ಕೊಟ್ಟರೆ 14.4 ಮೋಲ್ ಆಯಿತು. ಇದನ್ನು ಲಕ್ಸ್ ಮೀಟರಲ್ಲಿ ಅಳೆಯಬೇಡಿ. ಅದು ಮನುಷ್ಯನ ಕಣ್ಣಿನ ಲೆಕ್ಕದ್ದು, ಕೆಂಪು ಮತ್ತು ನೀಲಿಯನ್ನು ತೀರಾ ಕಡಿಮೆ ತೋರಿಸುತ್ತದೆ.

ಕೆಂಪು ತಳಿ ಬೆಳೆಯುವವರಿಗೆ ತೂಕವೂ ಬೇಕು, ಬಣ್ಣವೂ ಬೇಕು. ಅದಕ್ಕೊಂದು ದಾರಿ ಇದೆ. ಮೊದಲು ಕೆಂಪು ಹೆಚ್ಚಿಟ್ಟು ಎಲೆ ಅಗಲವಾಗಲು ಬಿಡುವುದು, ಕೊಯ್ಲಿಗೆ ಕೆಲವೇ ದಿನ ಇರುವಾಗ ನೀಲಿ ಏರಿಸುವುದು. ಅಷ್ಟು ಹೊತ್ತಿಗೆ ಎಲೆ ಹರಡಿ ಆಗಿರುತ್ತದೆ, ಹಾಗಾಗಿ ತೂಕ ಹೆಚ್ಚು ಕಳೆದುಹೋಗುವುದಿಲ್ಲ. ಹಸಿರಾಗಿದ್ದ ಅಂಚುಗಳಿಂದ ಶುರುವಾಗಿ ಕಡುಕೆಂಪು ಒಳಗೆ ಹರಡುತ್ತಾ ಬರುತ್ತದೆ.