ಅಳುವ ಗೆಳತಿಗೆ ಮೊಟ್ಟೆ ಬೇಕಾಗಿತ್ತಾ? ಪುಟ್ಟ ಮಕ್ಕಳಿಗೆ ಪರಾನುಭೂತಿ ಕಲಿಸುವ ಬಗ್ಗೆ ಅಧ್ಯಯನ ಟಿಪ್ಪಣಿ

ಡಿ.ಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಕಲಬುರಗಿ ತಾಲೂಕಿನ ಒಂದು ಹಳ್ಳಿ ಶಾಲೆ. ನಲಿ-ಕಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿಯ ಕೋಣೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂಡುತ್ತಾರೆ. ಅವತ್ತು ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ದಿನ. ಒಂದನೇ ತರಗತಿಯ ಹುಡುಗಿ ಒಬ್ಬಳು ಗೋಡೆಗೆ ಒರಗಿ ಅಳುತ್ತಿದ್ದಳು. ಅದನ್ನು ನೋಡಿ ಒಬ್ಬ ಹುಡುಗ ಓಡಿ ಬಂದು ತನ್ನ ಮೊಟ್ಟೆಯನ್ನೇ ಅವಳ ತಟ್ಟೆಗೆ ಹಾಕಿಬಿಟ್ಟ. ಅವಳು ಇನ್ನೂ ಜೋರಾಗಿ ಅತ್ತು ತಟ್ಟೆ ತಳ್ಳಿದಳು. ಅವರ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಅವಳು ಯಾವಾಗಲೂ ಬಾಳೆಹಣ್ಣಿನ ಸಾಲಿನಲ್ಲಿ ನಿಲ್ಲುವವಳು.

ಅದು ನನಗೆ ಗೊತ್ತಿರಲಿಲ್ಲ. "ಎಷ್ಟು ಪ್ರೀತಿಲೆ ಕೊಟ್ಟಾನ ನೋಡವ್ವ, ತಗೋ" ಅಂದೆ. ಅಷ್ಟರಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳು ಬಂದು ಅವಳ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ ಮೆಲ್ಲಗೆ "ಏನಾಗ್ಯಾದ?" ಅಂತ ಕೇಳಿದಳು. ಚಪ್ಪಲಿ ಕಳೆದಿತ್ತು. ಇಬ್ಬರೂ ಹುಡುಕಲು ಎದ್ದು ಹೋದರು.

ಈ ಟಿಪ್ಪಣಿ ಬರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಈ ಇಬ್ಬರು ಮಕ್ಕಳೇ. ಮೊಟ್ಟೆ ಕೊಟ್ಟ ಹುಡುಗನ ಮನಸ್ಸು ಬಹಳ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಅವನು ಕೊಟ್ಟದ್ದು ತನಗೆ ಇಷ್ಟವಾದದ್ದನ್ನು. ಮೂರನೇ ತರಗತಿಯ ಹುಡುಗಿ ಮೊದಲು ಕೇಳಿ ತಿಳಿದುಕೊಂಡಳು. ನಾವು ಕಲಿಸಬೇಕಾದದ್ದು ಅವನಿಂದ ಅವಳವರೆಗಿನ ಈ ದಾರಿಯನ್ನು ಅಂತ ನನಗೆ ಅನಿಸುತ್ತದೆ.

ಮೊದಲು ಪದ

ಅನುಕಂಪ ಅಂದರೆ ಇನ್ನೊಬ್ಬರ ಕಷ್ಟ ನೋಡಿ "ಅಯ್ಯೋ ಪಾಪ" ಅನಿಸುವುದು. ಪರಾನುಭೂತಿ ಅಂದರೆ ಅವರ ಜಾಗದಲ್ಲಿ ನಿಂತು ಅವರಿಗೆ ಏನು ಅನಿಸುತ್ತಿದೆ ಅಂತ ತಿಳಿಯುವುದು. ಇದಕ್ಕೆ ಎರಡು ಮುಖ ಇವೆ. ಒಂದು, ಅವರ ನೋವು ನಮಗೂ ತಾಗುವುದು. ನಮ್ಮ ಕಡೆ "ಕಳ್ಳು (ಕರುಳು) ಚುರ್ ಅಂತು" ಅನ್ನುತ್ತಾರಲ್ಲ, ಅದು. ಎರಡು, ಅವರ ತಲೆಯಲ್ಲಿ ಏನು ಓಡುತ್ತಿದೆ ಅಂತ ಅರ್ಥ ಮಾಡಿಕೊಳ್ಳುವುದು. ಮೊಟ್ಟೆಯ ಹುಡುಗನಿಗೆ ಮೊದಲನೆಯದು ಇತ್ತು, ಎರಡನೆಯದು ಆ ಹೊತ್ತಿಗೆ ಹೊಳೆಯಲಿಲ್ಲ. ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಓದುವವರು ಈ ಭೇದವನ್ನು ಉದಾಹರಣೆಯ ಜೊತೆ ನೆನಪಿಡಿ. ಬರೀ ವ್ಯಾಖ್ಯೆ ಬಾಯಿಪಾಠ ಮಾಡಿದರೆ ಎರಡು ದಿನದಲ್ಲಿ ಮರೆತುಹೋಗುತ್ತದೆ.

ಯಾವ ವಯಸ್ಸಿಗೆ ಎಷ್ಟು

ಅಂಗನವಾಡಿಯಲ್ಲಿ ಒಂದು ಮಗು ಅತ್ತರೆ ಸಾಲಾಗಿ ನಾಲ್ಕು ಮಕ್ಕಳು ಅಳುತ್ತವೆ, ನೋಡಿದ್ದೀರಿ ಅಲ್ವಾ? ಪರಾನುಭೂತಿಯ ಬೇರು ಅಲ್ಲೇ ಇದೆ ಅಂತ ಮನೋವಿಜ್ಞಾನಿ ಮಾರ್ಟಿನ್ ಹಾಫ್‌ಮನ್ ಹೇಳುತ್ತಾರೆ. ಎಳೆಗೂಸಿಗೆ ನಾನು ಬೇರೆ, ಅವನು ಬೇರೆ ಅನ್ನುವ ಗೆರೆ ಇನ್ನೂ ಮೂಡಿರುವುದಿಲ್ಲ. ಒಂದು ವರ್ಷದ ಆಸುಪಾಸಿನಲ್ಲಿ ಅಳುತ್ತಿರುವುದು ಬೇರೆಯವರು ಅಂತ ಗೊತ್ತಾಗುತ್ತದೆ. ಆದರೆ ಸಮಾಧಾನ ಮಾಡುವುದು ತನಗೆ ಸಮಾಧಾನ ಆಗುವ ರೀತಿಯಲ್ಲೇ. ಅಳುವ ಗೆಳೆಯನ ತಾಯಿ ಅಲ್ಲೇ ಇದ್ದರೂ ಮಗು ತನ್ನ ತಾಯಿಯನ್ನೇ ಎಳೆದು ತರುತ್ತದೆ. ಆಮೇಲೆ ನಿಧಾನವಾಗಿ ಅವನಿಗೆ ಬೇಕಾದದ್ದು ಬೇರೆ ಇರಬಹುದು ಅನ್ನುವುದು ತಿಳಿಯುತ್ತದೆ. ಇನ್ನೂ ದೊಡ್ಡವರಾದ ಮೇಲೆ, ಕಣ್ಣೆದುರು ಇಲ್ಲದವರ ಬದುಕಿನ ಕಷ್ಟವೂ ಮನಸ್ಸಿಗೆ ತಾಗುತ್ತದೆ.

1997ರಲ್ಲಿ ಮನೋವಿಜ್ಞಾನಿಗಳಾದ ರೆಪಾಚೋಲಿ ಮತ್ತು ಗೋಪ್ನಿಕ್ ಮಾಡಿದ ಪ್ರಯೋಗ ಇಲ್ಲಿ ನೆನಪಿಡಬೇಕು. ಮಗುವಿನ ಮುಂದೆ ಎರಡು ಬಟ್ಟಲು. ಒಂದರಲ್ಲಿ ಬಿಸ್ಕತ್ತಿನಂಥ ಕುರುಕಲು ತಿಂಡಿ, ಇನ್ನೊಂದರಲ್ಲಿ ಹಸಿ ಬ್ರೊಕೋಲಿ. ಬ್ರೊಕೋಲಿ ಅಂದರೆ ಹೂಕೋಸಿನ ಥರದ ಹಸಿರು ತರಕಾರಿ. ಮಕ್ಕಳಿಗೆ ಕುರುಕಲು ತಿಂಡಿಯೇ ಇಷ್ಟ. ಪ್ರಯೋಗ ಮಾಡುವವರು ಬ್ರೊಕೋಲಿ ತಿಂದು "ಆಹಾ" ಅಂತ ಮುಖ ಅರಳಿಸಿ, ತಿಂಡಿ ತಿಂದು "ಥೂ" ಅಂತ ಮುಖ ಕಿವಿಚಿ, "ನನಗೆ ಸ್ವಲ್ಪ ಕೊಡು" ಅಂತ ಕೈ ಚಾಚಿದರು. 14 ತಿಂಗಳ ಮಕ್ಕಳು ಹೆಚ್ಚಾಗಿ ತಮಗೆ ಇಷ್ಟವಾದ ತಿಂಡಿಯನ್ನೇ ಕೊಟ್ಟವು. 18 ತಿಂಗಳ ಮಕ್ಕಳು ಬ್ರೊಕೋಲಿ ಕೊಟ್ಟವು. ಅಂದರೆ ಒಂದೂವರೆ ವರ್ಷಕ್ಕೇ "ನನ್ನ ರುಚಿ ಬೇರೆ, ಅವರ ರುಚಿ ಬೇರೆ" ಅನ್ನುವ ಅರಿವು ಚಿಗುರುತ್ತದೆ. ಇದನ್ನು ಓದಿದಾಗ ನಮ್ಮ ಮೊಟ್ಟೆ ಮತ್ತು ಬಾಳೆಹಣ್ಣಿನ ಸಾಲು ನನ್ನ ಕಣ್ಣಿಗೆ ಕಟ್ಟಿತು. ಆರು ವರ್ಷದ ಹುಡುಗನಿಗೆ ಈ ಅರಿವು ಇಲ್ಲದೆ ಇರಲಿಲ್ಲ. ಗಾಬರಿಯಲ್ಲಿ, ಆತುರದಲ್ಲಿ ಅದು ಕೈಗೆ ಸಿಗಲಿಲ್ಲ, ಅಷ್ಟೇ. ದೊಡ್ಡವರಿಗೂ ಹಾಗೇ ಆಗುತ್ತದೆ.

ಇನ್ನೊಬ್ಬರ ತಲೆಯಲ್ಲಿ ಇರುವುದು ನನ್ನ ತಲೆಯಲ್ಲಿ ಇರುವುದಕ್ಕಿಂತ ಬೇರೆ ಅನ್ನುವುದು ಸರಿಯಾಗಿ ತಿಳಿಯುವುದು ಸುಮಾರು ನಾಲ್ಕು ವರ್ಷಕ್ಕೆ. ಇದನ್ನು ತೋರಿಸುವ ಸ್ಯಾಲಿ-ಆ್ಯನ್ ಪರೀಕ್ಷೆ 1985ರದು. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಆ್ಯನ್ ಅದನ್ನು ತೆಗೆದು ಡಬ್ಬಿಯಲ್ಲಿ ಇಡುತ್ತಾಳೆ. ಸ್ಯಾಲಿ ವಾಪಸ್ ಬಂದು ಎಲ್ಲಿ ಹುಡುಕುತ್ತಾಳೆ? ಮೂರು ವರ್ಷದ ಮಗು ಸಾಮಾನ್ಯವಾಗಿ "ಡಬ್ಬಿಯಲ್ಲಿ" ಅನ್ನುತ್ತದೆ, ಯಾಕಂದರೆ ಗೋಲಿ ಅಲ್ಲಿರುವುದು ತನಗೆ ಗೊತ್ತು. ನಾಲ್ಕು ದಾಟಿದ ಹೆಚ್ಚಿನ ಮಕ್ಕಳು "ಬುಟ್ಟಿಯಲ್ಲಿ" ಅನ್ನುತ್ತಾರೆ. ಎರಡು ಗೊಂಬೆ ಇದ್ದರೆ ಸಾಕು, ಇದನ್ನು ನೀವೂ ಆಡಿಸಬಹುದು. ಆದರೆ ಇದಕ್ಕೆ ಅಂಕ ಕೊಡಬೇಡಿ. ಆಟಿಸಂ ಇರುವ ಹಲವು ಮಕ್ಕಳಿಗೆ ಈ ಪ್ರಶ್ನೆ ಕಷ್ಟ. ಹಾಗಂತ ಅವರಿಗೆ ಮಮತೆ ಇಲ್ಲ ಅಂತ ಯಾರೂ ತಿಳಿಯಬಾರದು.

ಸಹಾಯ ಮಾಡುವ ಆಸೆ ಮೊದಲೇ ಇರುತ್ತದೆ

ಮನೋವಿಜ್ಞಾನಿಗಳಾದ ವಾರ್ನೆಕೆನ್ ಮತ್ತು ತೊಮಸೆಲ್ಲೊ 2006ರಲ್ಲಿ 18 ತಿಂಗಳ 24 ಮಕ್ಕಳ ಮುಂದೆ ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಬೇಕೆಂದೇ ಬೀಳಿಸಿ, ಎಟುಕದವರಂತೆ ಕೈ ಚಾಚಿದರು. ಕೈ ತುಂಬಾ ಮ್ಯಾಗಜೀನ್ ಹಿಡಿದು ಕಪಾಟಿನ ಬಾಗಿಲಿಗೆ ಡಿಕ್ಕಿ ಹೊಡೆದರು. ಇಂಥ ಹಲವು ಸಂದರ್ಭಗಳಲ್ಲಿ 24ರಲ್ಲಿ 22 ಮಕ್ಕಳು ಒಮ್ಮೆಯಾದರೂ ಸಹಾಯಕ್ಕೆ ಬಂದರು. ಯಾರೂ ಅವರನ್ನು ಕೇಳಿರಲಿಲ್ಲ. 2008ರ ಇನ್ನೊಂದು ಅಧ್ಯಯನದಲ್ಲಿ 20 ತಿಂಗಳ ಕೆಲವು ಮಕ್ಕಳಿಗೆ ಸಹಾಯ ಮಾಡಿದಾಗಲೆಲ್ಲ ಆಟಿಕೆಯ ಬಹುಮಾನ ಕೊಟ್ಟರು. ಆಮೇಲೆ ಬಹುಮಾನ ನಿಂತಾಗ ಆ ಮಕ್ಕಳು ಮೊದಲಿನಿಂದಲೂ ಏನೂ ಪಡೆಯದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದರು.

ಇದು ನಮಗೆಲ್ಲ ಬಹಳ ಮುಖ್ಯ. "ಗೆಳೆಯನಿಗೆ ಸಹಾಯ ಮಾಡಿದವರಿಗೆ ಸ್ಟಾರ್" ಅಂತ ಗೋಡೆಗೆ ಚಾರ್ಟ್ ಅಂಟಿಸುವ ಪಾಠಯೋಜನೆ ನಾನೂ ಬರೆದಿದ್ದೆ. ತೆಗೆದುಹಾಕಿದೆ. ಅದರ ಬದಲು ಆದದ್ದನ್ನು ಆದಂತೆ ಹೇಳುತ್ತೇನೆ: "ನೀನು ಸೀಸಕಡ್ಡಿ ಚೂಪು ಮಾಡಿ ಕೊಟ್ಟಿ, ಅವಳಿಗೆ ಬರೆಯಲು ಆಯಿತು."

ಭಾವನೆಗೆ ಮಗುವಿನ ಮಾತಿನಲ್ಲೇ ಹೆಸರು

ಕಲಬುರಗಿಯ ಕೋಣೆಯಲ್ಲಿ ಕನ್ನಡ ಒಂದೇ ಇರುವುದಿಲ್ಲ. ತಾಂಡಾದಿಂದ ಬರುವ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಇನ್ನೊಂದು ಮಗು ದಖ್ಖನಿ ಉರ್ದು ಆಡುತ್ತದೆ. ಗಡಿ ಕಡೆ ತೆಲುಗು, ಮರಾಠಿಯೂ ಇದೆ. ಭಾವನೆಯ ಚಾರ್ಟಿನಲ್ಲಿ "ಭಯ, ಕೋಪ, ದುಃಖ" ಅಂತ ಅಂದವಾಗಿ ಬರೆದರೆ ನಮ್ಮ ಮಕ್ಕಳಿಗೆ ಅವು ಪಾಠದ ಪದಗಳೇ. ಅವರ ಬಾಯಲ್ಲಿ ಬರುವುದು ಅಂಜಿಕೆ, ಸಿಟ್ಟು, ಬ್ಯಾಸರ. ಉರ್ದು ಆಡುವ ಮಗುವಿಗೆ ಡರ್, ಗುಸ್ಸಾ. ಲಂಬಾಣಿ ಪದ ನಮಗೆ ಗೊತ್ತಿಲ್ಲದಿದ್ದರೆ ಮಗುವನ್ನೇ ಕೇಳೋಣ, ಉಳಿದವರೂ ಅದನ್ನು ಕಲಿಯಲಿ. ನಮ್ಮ ಕೋಣೆಯಲ್ಲಿ ಹೀಗೆ ಮಾಡಿದ ದಿನ, ಯಾವತ್ತೂ ಬಾಯಿ ಬಿಡದ ಒಬ್ಬಳು ಎಲ್ಲರಿಗೂ ಟೀಚರ್ ಆದಳು. ಅವಳ ಮಾತನ್ನು ಗೆಳತಿಯರು ತಪ್ಪಾಗಿ ಹೇಳಿದಾಗ ನಕ್ಕು ತಿದ್ದಿದಳು. ಗೊತ್ತಿಲ್ಲದ ಭಾಷೆಯಲ್ಲಿ ಕೂತರೆ ಹೇಗಿರುತ್ತದೆ ಅಂತ ಉಳಿದ ಮಕ್ಕಳಿಗೂ ಒಂದು ಗಳಿಗೆ ತಿಳಿಯಿತು.

"ಬ್ಯಾಸರ" ಅನ್ನುವ ಪದದ ಮೇಲೆ ಸ್ವಲ್ಪ ನಿಲ್ಲಿ. ನಮ್ಮ ಮಕ್ಕಳು ದುಃಖಕ್ಕೂ ಅದನ್ನೇ, ದಣಿವಿಗೂ ಅದನ್ನೇ, ಮನೆಯ ನೆನಪಿಗೂ ಅದನ್ನೇ ಬಳಸುತ್ತಾರೆ. "ಎಂಥ ಬ್ಯಾಸರ?" ಅಂತ ಮತ್ತೊಮ್ಮೆ ಕೇಳಿದರೆ ಒಳಗಿನದು ಹೊರಬರುತ್ತದೆ.

ಗುಂಡವ್ವನ ತೊಂದರೆಗಳು

ಇದು ನನಗೆ ಅತಿ ಹೆಚ್ಚು ಫಲ ಕೊಟ್ಟ ಚಟುವಟಿಕೆ. ಹಳೆ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದು ಕೈಗೊಂಬೆ ಮಾಡಿದೆ. ಮಕ್ಕಳೇ ಅದಕ್ಕೆ ಗುಂಡವ್ವ ಅಂತ ಹೆಸರಿಟ್ಟರು. ದಿನಕ್ಕೆ ಒಂದು ತೊಂದರೆ ಹೊತ್ತು ಬರುತ್ತಾಳೆ. ಮೊದಲ ದಿನ ಅವಳ ಪಾಟಿ (ಸ್ಲೇಟು) ಒಡೆದಿತ್ತು.

ಮೊದಲ ಉತ್ತರ ಯಾವ ಶಾಲೆಯಲ್ಲೂ ಒಂದೇ ಇರುತ್ತದೆ: "ಟೀಚರಿಗೆ ಹೇಳ್ತೀನ್ರಿ." ಎರಡನೆಯದು: "ಹೊಸಾದು ತಂದು ಕೊಡ್ತೀನ್ರಿ." ಎರಡೂ ತಪ್ಪಲ್ಲ. ಆದರೆ ಅಲ್ಲಿಗೆ ಯೋಚನೆ ನಿಂತುಹೋಗುತ್ತದೆ. ಹಾಗಾಗಿ ಎರಡು ನಿಯಮ ಮಾಡಿದೆ. ರೊಕ್ಕ ಖರ್ಚು ಆಗಬಾರದು. ಟೀಚರ್ ಊರಲ್ಲಿ ಇಲ್ಲ. ಸ್ವಲ್ಪ ಹೊತ್ತು ಎಲ್ಲರೂ ಗಪ್ಪಾದರು. ಆ ಮೌನ ನೋಡಿ ನಾವೇ ಉತ್ತರ ಹೇಳಿಬಿಡಬಾರದು, ಕಾಯಬೇಕು. ಆಮೇಲೆ ಒಬ್ಬ, ನನ್ನ ಪಾಟಿಯ ನಡುವೆ ಗೆರೆ ಎಳೆದು ಅರ್ಧ ಕೊಡ್ತೀನಿ ಅಂದ. ಇನ್ನೊಬ್ಬಳು, ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆಯೋಣ, ನಾನೂ ನೆಲದ ಮೇಲೇ ಬರೀತೀನಿ, ಅವಳಿಗೆ ನಾಚಿಕೆ ಆಗೋದಿಲ್ಲ ಅಂದಳು. ಈ ಕೊನೆಯ ಮಾತನ್ನು ನಾನು ಕೇಳಿರಲೇ ಇಲ್ಲ. ಪಾಟಿ ಒಡೆದದ್ದಷ್ಟೇ ಅಲ್ಲ, ಒಬ್ಬಳೇ ನೆಲದ ಮೇಲೆ ಬರೆಯುವುದು ಕಷ್ಟ ಅನ್ನುವುದನ್ನು ಏಳು ವರ್ಷದ ಮಗು ಕಂಡಿತ್ತು. ಮತ್ತೊಬ್ಬ ಹುಡುಗ ಕೈ ಎತ್ತಿ, "ಮನ್ಯಾಗ ಬೈತಾರಂತ ಅಂಜ್ಯಾಳೇನು, ಕೇಳ್ರಿ" ಅಂದ.

ಅಲ್ಲಿಂದ ಮೂರನೇ ನಿಯಮವೂ ಬಂತು: ಉಪಾಯ ಹೇಳುವ ಮುಂಚೆ ಗುಂಡವ್ವನಿಗೆ ಒಂದು ಪ್ರಶ್ನೆ ಕೇಳಬೇಕು. ಇದರಿಂದ ಎಲ್ಲ ಬದಲಾಯಿತು. "ನಿನಗ ಏನು ಬೇಕು?" ಅಂತ ಕೇಳಿದರೆ ಒಮ್ಮೊಮ್ಮೆ ಗುಂಡವ್ವ "ಏನೂ ಬ್ಯಾಡ, ಬಾಜೂಕ ಕುಂದ್ರು" ಅನ್ನುತ್ತಾಳೆ. ಹಾಗೆ ಸುಮ್ನೆ ಕೂಡುವುದೂ ಸಹಾಯ ಅಂತ ಒಪ್ಪಲು ಮಕ್ಕಳಿಗೆ ಬಹಳ ಸಮಯ ಬೇಕಾಯಿತು.

ಆಮೇಲಿನ ತೊಂದರೆಗಳನ್ನು ಊರಿನಿಂದಲೇ ತೆಗೆದುಕೊಂಡೆ. ಗುಂಡವ್ವ ಅಪ್ಪ-ಅವ್ವನ ಜೊತೆ ಪುಣೆಗೆ ಕೆಲಸಕ್ಕೆ ಹೋಗಿ, ಯುಗಾದಿ ಹೊತ್ತಿಗೆ ವಾಪಸ್ ಬಂದಿದ್ದಾಳೆ. ಗೆಳತಿಯರೆಲ್ಲ ಮುಂದೆ ಹೋಗಿದ್ದಾರೆ. ಈ ಕಥೆ ನಮ್ಮ ಕೋಣೆಯ ಮೂರು ಮಕ್ಕಳ ಕಥೆಯೂ ಹೌದು. ಅವರ ಹೆಸರು ಎತ್ತದೆ ಗೊಂಬೆಯ ಬಾಯಲ್ಲಿ ಹೇಳಿದ್ದರಿಂದ ಯಾರಿಗೂ ಮುಜುಗರ ಆಗಲಿಲ್ಲ. ಮಕ್ಕಳು ಹೇಳಿದ ಉಪಾಯಗಳಲ್ಲಿ ನನಗೆ ಹಿಡಿಸಿದ್ದು ಇದು: ಅವಳು ಇಲ್ಲದಾಗ ಆಡಿದ ಆಟಗಳನ್ನೆಲ್ಲ ಮತ್ತೊಮ್ಮೆ ಆಡುವುದು. ನಲಿ-ಕಲಿಯ ಏಣಿಯೂ (ಕಲಿಕೆಯ ಹಂತಗಳನ್ನು ಮೆಟ್ಟಿಲಾಗಿ ತೋರಿಸುವ ಪಟ್ಟಿ) ಇಲ್ಲಿ ಸಹಾಯಕ್ಕೆ ಬರುತ್ತದೆ. ಮಗು ಬಿಟ್ಟುಹೋದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು, ಇಡೀ ತರಗತಿಯ ಮುಂದೆ ಹಿಂದುಳಿದವಳು ಅನ್ನಿಸಿಕೊಳ್ಳಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಗೆಳೆಯರ ನೆರವಿನಿಂದ ಕಲಿಯುವ ಗುಂಪೂ ಇದೆ. ಗುಂಡವ್ವನ ಪಾಠವನ್ನು ಆ ಗುಂಪಿಗೆ ಜೋಡಿಸಿದರೆ ಬೇರೆ ಪೀರಿಯಡ್ ಹುಡುಕಬೇಕಿಲ್ಲ.

ಕಂಕುಳಲ್ಲಿ ಬರುವ ತಮ್ಮ

1996ರಲ್ಲಿ ಕೆನಡಾದ ಟೊರೊಂಟೊದಲ್ಲಿ ಮೇರಿ ಗಾರ್ಡನ್ ಅನ್ನುವವರು ಒಂದು ಕಾರ್ಯಕ್ರಮ ಶುರುಮಾಡಿದರು. ಕೂಸನ್ನು ಅದರ ತಂದೆ ಅಥವಾ ತಾಯಿಯ ಜೊತೆ ತರಗತಿಗೆ ಕರೆಸುತ್ತಾರೆ. ಕೂಸು ಯಾಕೆ ಅಳುತ್ತಿದೆ, ಏನು ಬೇಕಾಗಿದೆ ಅಂತ ಮಕ್ಕಳು ವರ್ಷವಿಡೀ ನೋಡಿ ಊಹಿಸುತ್ತಾರೆ. ನಮ್ಮಲ್ಲಿ ಕೂಸನ್ನು ಕರೆಸಬೇಕಿಲ್ಲ. ತೊಗರಿ ರಾಶಿಯ ಕಾಲದಲ್ಲಿ ಅವ್ವ ಹೊಲಕ್ಕೆ ಹೋದರೆ ಅಕ್ಕ ತಮ್ಮನನ್ನು ಎತ್ತಿಕೊಂಡೇ ಶಾಲೆಗೆ ಬರುತ್ತಾಳೆ. ಪಾಠಕ್ಕೆ ಅಡ್ಡಿ ಅಂತ ಅವಳನ್ನು ಗದರುವುದನ್ನು ನಾನು ಕಂಡಿದ್ದೇನೆ. ಕೂಸಿನ ಹೊಣೆ ಆ ಹುಡುಗಿಯ ಮೇಲೆ ಬೀಳಬಾರದು, ಅದು ಬೇರೆ ಮಾತು. ಆದರೆ ಬಂದ ದಿನ ಆ ಕೂಸನ್ನು ನಡುವೆ ಕೂಡಿಸಿ "ಇವನಿಗೆ ಈಗ ಏನು ಬೇಕಾಗ್ಯಾದ?" ಅಂತ ಕೇಳಿ ನೋಡಿ. ಕೂಸಿನ ಅಕ್ಕನಿಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿರುತ್ತದೆ. ಅವಳ ಮುಖ ನೋಡಬೇಕು ಆಗ.

ಎಚ್ಚರ ಬೇಕಾದ ಕಡೆ

"ಸಾರಿ ಹೇಳು" ಅಂತ ಒತ್ತಾಯ ಮಾಡಿದರೆ ಮಗು ಕಲಿಯುವುದು ಸಾರಿ ಅನ್ನುವ ಪದವನ್ನು. ಹಾಫ್‌ಮನ್ ಹೇಳುವ ದಾರಿ ಬೇರೆ. ಮಾಡಿದ್ದರಿಂದ ಇನ್ನೊಬ್ಬರಿಗೆ ಏನಾಯಿತು ಅಂತ ತೋರಿಸಬೇಕು: "ನೀನು ನೂಕಿದಿ, ಅವನ ಮೊಣಕಾಲು ತರಚ್ಯಾದ, ನೋಡು. ಈಗ ಏನು ಮಾಡೋಣ?" ಕೊನೆಯ ಪ್ರಶ್ನೆ ಬಿಡಬಾರದು. ಸರಿಮಾಡುವ ದಾರಿ ಸಿಗದ ಮಗುವಿಗೆ ಉಳಿಯುವುದು ನಾಚಿಕೆ ಮಾತ್ರ.

ಇನ್ನೊಂದು. ಗೆಳೆಯ ಅಳುವಾಗ ಕಿವಿ ಮುಚ್ಚಿಕೊಳ್ಳುವ, ದೂರ ಓಡುವ, ಕೆಲವೊಮ್ಮೆ ನಗುವ ಮಗು ಇರುತ್ತದೆ. "ಕಲ್ಲು ಮನಸ್ಸು" ಅಂತ ಅನ್ನಬೇಡಿ. ಹಲವು ಸಲ ಅದಕ್ಕೆ ನೋವು ಅತಿಯಾಗಿ ತಾಗಿರುತ್ತದೆ, ತಡೆದುಕೊಳ್ಳಲು ಆಗಿರುವುದಿಲ್ಲ. ತನ್ನದೇ ಸಂಕಟದಲ್ಲಿ ಮುಳುಗಿದವರು ಬೇರೆಯವರಿಗೆ ಕೈ ಕೊಡಲಾರರು. ಅಂಥ ಮಗುವಿಗೆ ಮೊದಲು ನಾವು ಸಮಾಧಾನ ಮಾಡಬೇಕು. ಆಮೇಲೆ ದೂರದಿಂದ ಮಾಡುವ ಸಣ್ಣ ಕೆಲಸ ಕೊಡಬೇಕು, ನೀರಿನ ಬಾಟಲಿ ತಂದಿಡುವುದು, ಬಿದ್ದ ಚೀಲ ಎತ್ತಿಡುವುದು ಇಂಥದ್ದು.

ನನ್ನ ವೀಕ್ಷಣಾ ಪುಸ್ತಕ

ಪರಾನುಭೂತಿಯನ್ನು ಪರೀಕ್ಷೆ ಇಟ್ಟು ಅಳೆಯಲು ಆಗದು. ನಾನು ದಿನಕ್ಕೆ ಎರಡು ಸಾಲು ಬರೆಯುತ್ತೇನೆ: ಯಾರು ಯಾರನ್ನು ಏನು ಕೇಳಿದರು, ಕೇಳಿದ ಮೇಲೆ ಏನು ಮಾಡಿದರು. ಹೋದ ಶುಕ್ರವಾರದ ಸಾಲು ಹೀಗಿದೆ. ಮೊಟ್ಟೆಯ ಹುಡುಗ ಊಟದ ಹೊತ್ತಿಗೆ ಹೊಸದಾಗಿ ಸೇರಿದ ಹುಡುಗನ ಹತ್ತಿರ ಹೋದ. ಕೈಯಲ್ಲಿ ಸುಲಿದ ಮೊಟ್ಟೆ ಇತ್ತು. ಕೊಡುವ ಮುಂಚೆ ನಿಂತ. "ನೀ ತತ್ತಿ ತಿಂತೀ?" ಅಂತ ಕೇಳಿದ.