ಕ್ಯೂಸೆಕ್: ದಿನಕ್ಕಲ್ಲ, ಸೆಕೆಂಡಿಗೆ

ತಮಿಳುನಾಡಿಗೆ ಕಾವೇರಿ ನೀರು ಬಿಡುವ ಮಾತೆದ್ದಾಗ ಮಂಡ್ಯದ ಸಂಜಯ ವೃತ್ತದಲ್ಲಿ ಮೈಕ್ ಹಿಡಿದವರು, ಅವರಿಗೆ ಉತ್ತರ ಕೊಡುವ ಸಚಿವರು, ಇಬ್ಬರ ಮಾತನ್ನೂ ಬರೆದುಕೊಳ್ಳುವ ವರದಿಗಾರರು, ಎಲ್ಲರ ಬಾಯಲ್ಲೂ ಒಂದೇ ಪಲ್ಲವಿ: 'ದಿನಕ್ಕೆ ಐದು ಸಾವಿರ ಕ್ಯೂಸೆಕ್'. ಈ 'ದಿನಕ್ಕೆ' ಎಲ್ಲಿಂದ ಬಂತೋ!

'ಕ್ಯೂ' ಬಂದಿದ್ದು ಕ್ಯೂಬಿಕ್ ಅಡಿಯಿಂದ, 'ಸೆಕ್' ಬಂದಿದ್ದು ಸೆಕೆಂಡಿನಿಂದ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್, ಹರಿದರೆ ಒಂದು ಕ್ಯೂಸೆಕ್. ಕಾಲದ ಲೆಕ್ಕ ಪದದ ಬಾಲದಲ್ಲೇ ಇರುವಾಗ ಮೇಲೊಂದು 'ದಿನಕ್ಕೆ' ಯಾಕೆ? ಬಸ್ಸು ಗಂಟೆಗೆ 60 ಕಿ.ಮೀ. ಓಡಿತು ಎಂದಷ್ಟೇ ಹೇಳಿದರೆ ಅದು ಮೈಸೂರು ಮುಟ್ಟಿತೋ ಮದ್ದೂರಲ್ಲೇ ನಿಂತಿತೋ ಗೊತ್ತಾಗದು. ಎಷ್ಟು ಹೊತ್ತು ಓಡಿತು ಅನ್ನುವುದೂ ಬೇಕು.

ಎಷ್ಟು ನೀರು ಹೋಯಿತು ಎಂಬ ಲೆಕ್ಕಕ್ಕೆ ಇರುವುದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಕ್ಯೂಸೆಕ್ಕನ್ನು ದಿನಗಳಿಂದ ಗುಣಿಸಿ, 11,574ರಿಂದ ಭಾಗಿಸಿದರೆ ಸಾಕು. 2023ರ ಆಗಸ್ಟ್ ಕೊನೆಯಲ್ಲಿ 15 ದಿನ 5,000 ಕ್ಯೂಸೆಕ್ ಹರಿಸಬೇಕೆಂಬ ನಿರ್ದೇಶನ ಬಂತಲ್ಲ, ಅದು 6.48 ಟಿಎಂಸಿ. ಕನ್ನಂಬಾಡಿ ಅಣೆಕಟ್ಟೆ (ಕೆಆರ್‌ಎಸ್) 124.80 ಅಡಿಗೆ ತುಂಬಿದಾಗ ಇರುವುದು 49.45 ಟಿಎಂಸಿ.

ರಾಜಕೀಯ ಅಡಗಿರುವುದು ಇಲ್ಲೇ. ವಿರೋಧ ಪಕ್ಷದಲ್ಲಿರುವವರಿಗೆ 'ಐದು ಸಾವಿರ' ಹಿತ, ಆಡಳಿತದಲ್ಲಿರುವವರಿಗೆ 'ಅರ್ಧ ಟಿಎಂಸಿಯೂ ಇಲ್ಲ' ಹಿತ. ಒಂದು ದಿನದ ಲೆಕ್ಕ 0.43 ಟಿಎಂಸಿ, ಹಾಗಾಗಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕುರ್ಚಿ ಬದಲಾದ ಕೂಡಲೇ ಅಳತೆಯ ಮಾನವೂ ಅದಲುಬದಲು. ಎರಡನ್ನೂ ಒಂದೇ ಉಸಿರಲ್ಲಿ ಹೇಳುವ ಭಾಷಣಕಾರರು ಅಪರೂಪ.

ಅಳೆಯುವ ಜಾಗವನ್ನಂತೂ ಯಾರೂ ಹೇಳುವುದಿಲ್ಲ. ನಿರ್ದೇಶನ ಇರುವುದು ತಮಿಳುನಾಡು ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ದಾಖಲಾಗುವ ನೀರಿಗೆ. ಕಬಿನಿಯಿಂದ ಬಿಟ್ಟದ್ದೂ ನಡುವೆ ಮಳೆಯಾಗಿ ಹಳ್ಳ ಹೊಳೆಗಳಿಂದ ಸೇರಿದ್ದೂ ಅದರಲ್ಲಿ ಸೇರುತ್ತದೆ. ಹಾಗಾಗಿ 'ಕೆಆರ್‌ಎಸ್‌ನಿಂದ ಐದು ಸಾವಿರ' ಎನ್ನುವುದು ಬೇರೆಯೇ ಮಾತು. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ತಮಿಳುನಾಡಿಗೆ ವರ್ಷಕ್ಕೆ ಹರಿಸಬೇಕಾದ 177.25 ಟಿಎಂಸಿಯೂ ಬಿಳಿಗುಂಡ್ಲುವಿನ ಲೆಕ್ಕವೇ, ಅದೂ ಸಾಮಾನ್ಯ ಮಳೆಯ ವರ್ಷಕ್ಕೆ.

ಅಣೆಕಟ್ಟೆಯ 'ಅಡಿ' ನೀರಿನ ಮಟ್ಟ ಮಾತ್ರ, ಪ್ರಮಾಣವಲ್ಲ. ಮೇಲಿನ ಒಂದು ಅಡಿಯಲ್ಲಿ ಹಿಡಿಯುವಷ್ಟು ನೀರು ತಳದ ಒಂದು ಅಡಿಯಲ್ಲಿ ಹಿಡಿಯದು, ಹಿನ್ನೀರು ಮೇಲೆ ಹೋದಷ್ಟೂ ಅಗಲ.

ಕೆಆರ್‌ಎಸ್‌ನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟ ಹೇಳಿಕೆಯಲ್ಲೂ ಇದೇ ಕೊರತೆ. ನಾಲೆಯ ತಲೆಯಲ್ಲಿ ಎಷ್ಟು ಕ್ಯೂಸೆಕ್ ಎಂದು ತಿಳಿದರೆ ಮಳವಳ್ಳಿ ಕಡೆಯ ಕೊನೆ ಭಾಗದ ರೈತನಿಗೆ ಏನೂ ತಿಳಿದಂತಲ್ಲ. ಯಾವ ತಾರೀಕಿನಿಂದ, ಎಷ್ಟು ದಿನದ ಕಟ್ಟು (ನೀರು ಬಿಡುವ ಸರದಿ), ಆಮೇಲೆ ಎಷ್ಟು ದಿನ ನಿಲುಗಡೆ, ಯಾವ ಶಾಖಾ ನಾಲೆಗೆ ಮೊದಲು ಅನ್ನುವುದಿದ್ದರೆ ಒಟ್ಲು (ಭತ್ತದ ಸಸಿಮಡಿ) ಹಾಕಬೇಕೋ ಬೇಡವೋ ಅವನೇ ನೋಡಿಕೊಳ್ಳುತ್ತಾನೆ.